ಅರಿಶಿಣದ ಕಾಡು

ನಮ್ಮ ಮನೆಯ ಒಳಕೋಣೆಯಲ್ಲಿ, ಕಿಟಕಿ ಇಲ್ಲದ ಗೋಡೆಯ ಮೇಲೆ, ಒಂದು ಕಾಡಿನ ಚಿತ್ರವಿದೆ. ಅದರ ಮುಂದೆ ಹಳೆಯ ಸೀರೆಯ ತುಂಡೊಂದನ್ನು ಪರದೆಯ ಹಾಗೆ ಇಳಿಬಿಟ್ಟಿದ್ದೇನೆ. ಹೊಸಬರು ಬಂದರೆ ದೇವರ ಫೋಟೋ ಇರಬೇಕೆಂದು ಆ ಕಡೆ ಕೈಮುಗಿಯುತ್ತಾರೆ. ದೇವರಲ್ಲ, ನನ್ನ ಸೇಡು ಅದು ಎಂದು ಹೇಳಲು ನನಗೆ ನಾಚಿಕೆಯೇನೂ ಇಲ್ಲ. ಇಷ್ಟು ವರ್ಷ ಯಾರೂ ಕೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮರಾಠಿ ಸೀಮೆಯ ಗಡಿಯೂರಾದ ಜತ್ತದಲ್ಲಿ ನಮ್ಮದು ಕಿರಾಣಿ ಅಂಗಡಿಯ ಮನೆ. ಮುಂದೆ ಅಂಗಡಿ, ಹಿಂದೆ ಮನೆ. ಅಪ್ಪ ಮತ್ತು ದೊಡ್ಡಪ್ಪ ಕೂಡಿ ನಡೆಸುತ್ತಿದ್ದರು, ಅಂದರೆ ದೊಡ್ಡಪ್ಪ ಹೇಳುತ್ತಿದ್ದರು, ಅಪ್ಪ ತೂಗುತ್ತಿದ್ದರು. ದೊಡ್ಡಪ್ಪನ ಮಗಳು ನನಗಿಂತ ಸ್ವಲ್ಪ ದೊಡ್ಡವಳು, ಅವಳನ್ನು ಅಕ್ಕ ಎಂದೇ ಕರೆದು ಬೆಳೆದೆ. ಅಕ್ಕ ಚೆಲುವೆ, ಮಾತುಗಾರ್ತಿ. ಸೂಜಿ ಹಿಡಿದರೆ ಮಾತ್ರ ಅವಳಿಗೆ ತಲೆನೋವು ಬರುತ್ತಿತ್ತು. ನನಗೆ ಮಾತು ಕಡಿಮೆ, ಸಿಟ್ಟು ಜಾಸ್ತಿ. ಆ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಾನು ಚಿತ್ರ ಬರೆಯುತ್ತಿದ್ದೆ.

ಅರವತ್ತರ ದಶಕದ ನಡುವಿನಲ್ಲಿ ನಮ್ಮ ಹೆಣ್ಣುಮಕ್ಕಳ ಸಾಲೆಗೆ ಘಟ್ಟದ ಕಡೆಯಿಂದ ಡ್ರಾಯಿಂಗ್ ಬಾಯಿಯೊಬ್ಬರು ಬಂದರು. ನಮ್ಮಲ್ಲಿ ಶಿಕ್ಷಕಿಯರನ್ನು ಬಾಯಿ ಎನ್ನುವುದು ವಾಡಿಕೆ. ಅವರು ನಮಗೆ ಜಲವರ್ಣದಲ್ಲಿ ಕಾಡು ಬರೆಯಲು ಕಲಿಸಿದರು. ನಾವು ಕಾಡು ಕಂಡವರೇ ಅಲ್ಲ. ನಾಲ್ಕು ಬೇವಿನ ಮರ ಒಂದೆಡೆ ನಿಂತರೆ ಅದನ್ನೇ ಬನ ಎನ್ನುವ ಸೀಮೆ ನಮ್ಮದು, ಉಳಿದದ್ದೆಲ್ಲ ಜಾಲಿಮುಳ್ಳು ಮತ್ತು ಕುರಿ. ಬಾಯಿ ಮರಾಠಿಯಲ್ಲಿ ತಮ್ಮೂರಿನ ಕಾಡನ್ನು ವರ್ಣಿಸುತ್ತಿದ್ದರು: ದೂರದ ಮರ ಹಸಿರಲ್ಲ, ನೀಲಿ. ಹತ್ತಿರದ ಮರ ಕಂದಲ್ಲ, ಹೆಚ್ಚುಕಡಿಮೆ ಕಪ್ಪು. ಬಿಸಿಲು ಎಂಬುದು ಹಚ್ಚುವ ಬಣ್ಣವಲ್ಲ, ಕಾಗದದಲ್ಲಿ ಬಿಟ್ಟುಕೊಡುವ ಜಾಗ. ಅವರು ಹೇಳಿದ್ದು ನನಗೆ ಎಷ್ಟು ಕಣ್ಣಿಗೆ ಕಟ್ಟಿತೆಂದರೆ, ನನ್ನ ಮೊದಲ ಕಾಡನ್ನು ಬಾಯಿ ಕಿಟಕಿಯ ಬೆಳಕಿಗೆ ಒಯ್ದು ಮತ್ತೆ ಮತ್ತೆ ನೋಡಿದರು.

ಆಮೇಲೆ ಅವರು ಅಂಗಡಿಗೇ ಬಂದು ಅಪ್ಪನ ಹತ್ತಿರ ಮಾತಾಡಿದರು. ಸಾಂಗಲಿಯಲ್ಲಿ ಡ್ರಾಯಿಂಗ್ ಶಿಕ್ಷಕಿಯಾಗುವ ತರಬೇತಿ ಇದೆ, ಸೇರಿಸಿಕೊಳ್ಳುವ ಮುಂಚೆ ಸ್ವಂತ ಕೈಯಿಂದ ಬರೆದ ಒಂದು ಒಳ್ಳೆಯ ಚಿತ್ರ ಒಯ್ದು ತೋರಿಸಬೇಕು, ಈ ಕಾಡು ಸಾಕು ಎಂದರು. ಅಪ್ಪ ತಕ್ಕಡಿ ಕೆಳಗಿಟ್ಟು ದೊಡ್ಡಪ್ಪನ ಮುಖ ನೋಡಿದರು. ಹೂಂ ಎನ್ನಿಸಲು ಅವ್ವ ಒಂದು ವಾರ ಮುಖ ಊದಿಸಿಕೊಂಡು ಓಡಾಡಬೇಕಾಯಿತು. ಕೊನೆಗೆ ಒಪ್ಪಿದರು. ಬಾಯಿ ಆ ಚಿತ್ರಕ್ಕೆ ಚೌಕಟ್ಟು ಮತ್ತು ಗಾಜು ಹಾಕಿಸಿಕೊಟ್ಟರು. ಸಾಂಗಲಿಗೆ ಹೋಗುವ ದಿನ ಗೊತ್ತಾಯಿತು.

ಅದರ ಹಿಂದಿನ ವಾರವೇ ತಿಕೋಂಡಿಯಿಂದ ಗಂಡಿನ ಕಡೆಯವರು ಅಕ್ಕನನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು.

ನಮ್ಮ ಕಡೆ ಹುಡುಗಿ ನೋಡಲು ಬಂದವರಿಗೆ ಅವಳ ಕೈಕೆಲಸ ತೋರಿಸುವ ಪದ್ಧತಿಯಿತ್ತು. ಪಡಸಾಲೆಯಲ್ಲಿ ಮಣಿಯ ತೋರಣ, ಉಲ್ಲನ್ನಿನ ಹೂವು, ಗಾಜಿನ ಚೌಕಟ್ಟಿನಲ್ಲಿ ಹೊಲಿದ ಬಾತುಕೋಳಿ, ಇವನ್ನೆಲ್ಲ ತೂಗಹಾಕಿ ‘ನಮ್ಮ ಹುಡುಗೀನೇ ಮಾಡಿದ್ದರಿ’ ಎನ್ನಬೇಕು. ಕೈಕೆಲಸ ಬಾರದವರು ಎರವಲು ತರುತ್ತಿದ್ದರು, ಅದನ್ನು ಯಾರೂ ಕಳ್ಳತನ ಎನ್ನುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಮಣಿಯಿಂದ ಮಾಡಿದ ಗಿಳಿಯೊಂದಿತ್ತು. ಅದನ್ನು ಮೊದಲು ಹೊಲಿದವಳಿಗೆ ಮೊಮ್ಮಕ್ಕಳಾಗಿದ್ದರೂ ಗಿಳಿ ಮಾತ್ರ ಇನ್ನೂ ಒಂದೊಂದು ಮನೆಯಲ್ಲಿ ಮದುವೆಯ ಹುಡುಗಿಯ ಪಕ್ಕ ಕೂರುತ್ತಿತ್ತು. ಬೀಗರು ಹೋದ ಮೇಲೆ ಎರವಲು ತಂದದ್ದನ್ನು ಅರಿಶಿಣ ಕುಂಕುಮದ ಜೊತೆ ತಿರುಗಿ ಮುಟ್ಟಿಸಬೇಕು, ಅಷ್ಟೇ ಕಟ್ಟಳೆ.

ಆ ಸಲ ಗಿಳಿ ಬೇರೆ ಮನೆಗೆ ಹೋಗಿತ್ತು. ದೊಡ್ಡವ್ವ ನನ್ನ ಹತ್ತಿರ ಬಂದಳು.

“ನಿನ್ನ ಕಾಡು ಒಂದಿವ್ಸ ಕೊಡವ್ವಾ. ಅವರು ಹ್ವಾದ ಕೂಡ್ಲೆ ನಾನ ತಂದು ನಿನ್ನ ಕೈಯಾಗ ಇಡ್ತೀನಿ.”

ಕೊಟ್ಟೆ. ಕೊಡುವುದಿಲ್ಲ ಎನ್ನುವ ಧೈರ್ಯ ಆ ಮನೆಯಲ್ಲಿ ಯಾವ ಹುಡುಗಿಗೂ ಇರಲಿಲ್ಲ.

ಬಂದವರಲ್ಲಿ ಹುಡುಗನ ತಾಯಿ ಮುಖ್ಯಳು. ಎತ್ತರದ ಹೆಂಗಸು, ಹಣೆ ತುಂಬ ವಿಭೂತಿ, ಏನನ್ನೇ ನೋಡಿದರೂ ಬೆಲೆ ಕಟ್ಟುವ ಹಾಗೆ ನೋಡುವ ಕಣ್ಣು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಆಕೆ ಕಾಡಿನ ಮುಂದೆ ನಿಂತು, “ಇದು ಭಾಳ ಚಲೋ ಐತಿ. ಇದರಾಗ ಹೋಗಿ ಕುಂದ್ರಬೇಕು ಅನ್ನಸ್ತೈತಿ,” ಎಂದಳು. ದೊಡ್ಡಪ್ಪ ಉಬ್ಬಿಹೋದರು. ಎದ್ದು ಚಿತ್ರವನ್ನು ಮೊಳೆಯಿಂದ ಇಳಿಸಿ ಆಕೆಯ ಕೈಗೇ ಕೊಟ್ಟುಬಿಟ್ಟರು. “ಹುಡುಗಿ ನಿಮ್ಮಾಕಿ ಆದ ಮ್ಯಾಲೆ ಅಕಿ ತಗದ ಚಿತ್ರ ನಮಗ್ಯಾಕ್ರಿ, ಒಯ್ರಿ,” ಎಂದರು. ಎರವಲಿನ ಮಾಲನ್ನು ಬೀಗರಿಗೆ ಉಡುಗೊರೆ ಕೊಟ್ಟ ಮನುಷ್ಯ ನಮ್ಮ ಓಣಿಯಲ್ಲಿ ಅವರೊಬ್ಬರೇ. ಎಲ್ಲರೂ ನಕ್ಕರು. ಅಕ್ಕ ತಲೆ ತಗ್ಗಿಸಿ ನಾಚಿಕೊಂಡಳು. ಮಧ್ಯಾಹ್ನದ ಬಸ್ಸಿನಲ್ಲಿ ನನ್ನ ಕಾಡು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ತಿಕೋಂಡಿಗೆ ಹೋಯಿತು.

ನಾನು ಅತ್ತೆ, ಕೂಗಾಡಿದೆ, ಊಟ ಬಿಟ್ಟೆ. “ಮದುವಿ ಮುರೀತೀಯೇನ? ಇನ್ನೊಂದು ತಗಿ. ನಿನಗೇನು, ಕೈಯಾಗ ಐತಿ,” ಎಂದಳು ದೊಡ್ಡವ್ವ. ಇನ್ನೊಂದು ಬರೆಯಲು ಬಾಯಿ ಕೊಟ್ಟಿದ್ದಂಥ ದಪ್ಪ ಕಾಗದ ಜತ್ತದಲ್ಲಿ ಇರಲಿಲ್ಲ. ಅಂಗಡಿಯಲ್ಲಿ ಸಿಕ್ಕ ತೆಳು ಕಾಗದದ ಮೇಲೆ ಬರೆದೆ, ನೀರು ಬಿದ್ದ ಕೂಡಲೇ ಅದು ಹಪ್ಪಳದಂತೆ ಉಬ್ಬಿ ಬಣ್ಣವೆಲ್ಲ ಗುಂಡಿಗಳಲ್ಲಿ ನಿಂತಿತು. ಅಪ್ಪ ಅದನ್ನು ನೋಡಿ, “ಇದನ್ನ ಒಯ್ದು ನಗಸ್ಕೊಳ್ಳೋದು ಬ್ಯಾಡ,” ಎಂದರು. ಅವರಿಗೆ ಹಗುರಾದದ್ದು ಮುಖದಲ್ಲೇ ಕಾಣುತ್ತಿತ್ತು. ಸಾಂಗಲಿ ಅಲ್ಲಿಗೇ ಮುಗಿಯಿತು. ಮರುವರ್ಷ ಬಾಯಿಗೆ ಬೇರೆ ಊರಿಗೆ ಬದಲಿಯಾಯಿತು.

ಇಷ್ಟಕ್ಕೇ ನಿಂತಿದ್ದರೆ ನನ್ನ ಸಿಟ್ಟು ಕೂಡ ಹಳೆಯದಾಗುತ್ತಿತ್ತೋ ಏನೋ. ಅಕ್ಕನ ಮದುವೆಯ ನಂತರ ಒಮ್ಮೆ ಅವ್ವನ ಜೊತೆ ತಿಕೋಂಡಿಗೆ ಹೋಗಿದ್ದೆ. ನನ್ನ ಕಾಡು ಪಡಸಾಲೆಯ ನಟ್ಟನಡುವೆ ಇತ್ತು. ನೆರೆಯ ಹೆಂಗಸರಿಬ್ಬರು ಬಂದು ಕುಳಿತಿದ್ದರು. ಅಕ್ಕ ಚಹಾ ಕೊಟ್ಟು ಅವರಿಗೆ ಹೇಳುತ್ತಿದ್ದಳು:

“ಮೊದ್ಲ ಕಾಗದ ತೋಯಿಸ್ಬೇಕ್ರಿ. ಅದು ಒದ್ದಿ ಇದ್ದಾಗ್ಲೆ ದೂರಿನ ಗಿಡ ಹಾಕ್ಬೇಕು. ಬಿಸಲಂದ್ರ ಹಚ್ಚೂ ಬಣ್ಣ ಅಲ್ರಿ, ಬಿಟ್ಟಕೊಡೂ ಜಾಗಾ.”

ನನ್ನ ಡ್ರಾಯಿಂಗ್ ಬಾಯಿಯ ಮಾತು. ನಾನು ರಾತ್ರಿ ಹಾಸಿಗೆಯಲ್ಲಿ ಅಕ್ಕನಿಗೆ ಹೇಳಿಕೊಂಡಿದ್ದ ಮಾತು. ಒಂದಕ್ಷರ ಬಿಡದೆ ಹೇಳಿದಳು, ನನ್ನೆದುರಿಗೇ, ಕಣ್ಣು ಕೂಡ ತಪ್ಪಿಸಲಿಲ್ಲ. ಚಿತ್ರ ಹೋದಾಗ ನನಗೆ ದುಃಖವಾಗಿತ್ತು. ಆ ದಿನ ದ್ವೇಷ ಹುಟ್ಟಿತು. ಆ ಗೋಡೆಯ ಮುಂದೆ ನಿಂತು ಅವಳೇ ಒಂದು ದಿನ ‘ಇದು ನಂದಲ್ಲ’ ಎನ್ನಬೇಕು, ನನ್ನ ಕಾಡು ನನ್ನ ಗೋಡೆಗೆ ಬರಬೇಕು. ಇದನ್ನು ಬಿಟ್ಟು ನನಗೆ ಬೇರೇನೂ ಬೇಡವಾಗಿತ್ತು.

ನನಗೂ ಮುಚ್ಚಂಡಿಗೆ ಮದುವೆಯಾಯಿತು. ಗಂಡ ಒಳ್ಳೆಯವನೇ, ಚಿತ್ರ ಬರೆದರೆ ಬೇಡ ಎನ್ನುತ್ತಿರಲಿಲ್ಲ, ನೋಡುತ್ತಲೂ ಇರಲಿಲ್ಲ. ಒಂದು ಪಂಚಮಿಗೆ ನಾನೂ ಅಕ್ಕನೂ ಇಬ್ಬರೂ ತವರಿಗೆ ಬಂದಿದ್ದೆವು. ಹೊರಗೆ ಜೋಕಾಲಿ ಕಟ್ಟಿದ್ದರು. ಅಕ್ಕ ನನ್ನನ್ನು ಉಗ್ರಾಣಕ್ಕೆ ಕರೆದು ಬಾಗಿಲು ಮುಂದೆ ಮಾಡಿದಳು. ತಿಕೋಂಡಿಯಲ್ಲಿ ಹೊಸ ಪಡಸಾಲೆ ಕಟ್ಟಿಸಿದ್ದಾರಂತೆ, ಬಾಗಿಲ ಎದುರಿನ ಗೋಡೆ ಖಾಲಿ ಇದೆಯಂತೆ, ಅಂಥದೇ ಇನ್ನೊಂದು ಕಾಡು ಬೇಕೆಂದು ಅತ್ತೆ ಹೇಳಿದ್ದಾಳಂತೆ.

“ಹಬ್ಬಕ್ಕ ತವರಿಗೆ ಹೋದಾಗ ತಗದು ತರ್ತೀನ್ರಿ ಅಂದು ಬಂದೀನಿ,” ಎಂದಳು. “ನೀ ತಗದು ಕೊಡು. ಕಾಗದ ವಿಜಾಪುರದಿಂದ ತರಿಸೀನಿ, ದಪ್ಪಂದು.”

ನನ್ನ ಸಾಂಗಲಿಗೆ ಸಿಗದ ದಪ್ಪ ಕಾಗದ ಅವಳ ಸುಳ್ಳಿಗೆ ಸಿಕ್ಕಿತ್ತು. ನಾನು ನಕ್ಕು, “ಆಗ್ಲಿ ಅಕ್ಕಾ,” ಎಂದೆ. ಉಗ್ರಾಣದಲ್ಲಿ ನನ್ನ ಬೆನ್ನ ಹಿಂದೆಯೇ ಅರಿಶಿಣದ ಚೀಲಗಳಿದ್ದವು. ಸಾಂಗಲಿಯ ಪೇಟೆಯಿಂದ ಬಂದ ಮಾಲು. ನಾನು ಸಾಂಗಲಿಗೆ ಹೋಗದಿದ್ದರೂ ಸಾಂಗಲಿಯೇ ನಮ್ಮ ಮನೆಗೆ ಬಂದು ಕುಳಿತಿದೆ ಎಂದು ಆ ಕ್ಷಣ ನನಗೆ ಹೊಳೆಯಿತು.

ಅರಿಶಿಣ ಬಿಸಿಲಿಗೆ ನಿಲ್ಲುವುದಿಲ್ಲ. ಸೀರೆಗೆ ಅರಿಶಿಣದ ಕಲೆಯಾದರೆ ನಾವು ಉಜ್ಜುತ್ತ ಕೂರುವುದಿಲ್ಲ, ಒಗೆದು ಬಿಸಿಲಿಗೆ ಹಾಕುತ್ತೇವೆ, ಕಲೆ ತಾನೇ ಹೋಗುತ್ತದೆ. ಪ್ರತಿ ಹೆಂಗಸಿಗೂ ಗೊತ್ತಿರುವ ಸಂಗತಿ. ಚಿತ್ರ ನೋಡುವಾಗ ಮಾತ್ರ ಅದು ಯಾರಿಗೂ ನೆನಪಾಗುವುದಿಲ್ಲ.

ಮರುದಿನ ಎಲ್ಲರೂ ಜೋಕಾಲಿಗೆ ಹೋದಾಗ ಕೆಲಸ ಶುರು ಮಾಡಿದೆ. ಮೊದಲು ಕಾಗದವನ್ನು ಅಗಲವಾದ ಪರಾತದ ನೀರಿನಲ್ಲಿ ನೆನೆಸಿ, ಊಟದ ಮಣೆಯ ಮೇಲೆ ಹಾಸಿ, ಸುತ್ತಲೂ ಹಿಟ್ಟಿನ ಸರಿ ಹಚ್ಚಿ ಅಂಟಿಸಿದೆ. ಒಣಗುತ್ತ ಅದು ಬಾರಿಸುವ ಹಲಗೆಯ ಚರ್ಮದಂತೆ ಬಿಗಿಯಾಗುತ್ತದೆ. ಅದು ಒಣಗುವಷ್ಟರಲ್ಲಿ ಅರಿಶಿಣವನ್ನು ಬಿಸಿನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಜಾಲಿಯ ಅಂಟು ಬೆರೆಸಿದೆ. ಅಷ್ಟು ಚೆಂದದ ಹಳದಿ ನನ್ನ ಬಣ್ಣದ ಡಬ್ಬಿಯಲ್ಲಿಯೂ ಇರಲಿಲ್ಲ.

ಆಮೇಲೆ ಆಕಾಶ. ಮಣೆಯನ್ನು ಸ್ವಲ್ಪ ವಾಲಿಸಿ, ಕುಂಚವನ್ನು ತುಂಬ ನೀರಿನಲ್ಲಿ ಅದ್ದಿ, ಮೇಲಿನಿಂದ ಕೆಳಗೆ ತೆಳುನೀಲಿ ಇಳಿಸಿದೆ. ದಾರಿ ಕೊನೆಯಾಗುವ ಕಡೆ, ಮರಗಳ ಹಿಂದೆ ಬೆಳಕು ಇರಬೇಕಾದಲ್ಲಿ, ಅರಿಶಿಣದ ನೀರು ಬಿಟ್ಟೆ. ಅದು ನೀಲಿಯೊಳಗೆ ತಾನಾಗಿ ಹರಡಿ ಬೆಳಗಿನ ಬಿಸಿಲಿನಂತಾಯಿತು. ಕಾಗದ ಇನ್ನೂ ಒದ್ದೆ ಇರುವಾಗಲೇ ದೂರದ ಮರಗಳನ್ನು ಮುಟ್ಟಿಸಿ ಬಿಟ್ಟೆ. ಮಂಜಿನಲ್ಲಿ ನಿಂತಂತೆ ಅವು ಅಂಚು ಕಳೆದುಕೊಂಡವು. ಆಮೇಲೆ ಕಾಯಬೇಕು. ಬಾಯಿ ಹೇಳುತ್ತಿದ್ದರು, ಕೈಯ ಹಿಂಭಾಗ ತಾಗಿಸಿದಾಗ ತಣ್ಣಗಿದ್ದರೆ ಇನ್ನೂ ಒದ್ದೆ, ಕೈ ಹಚ್ಚಬಾರದು ಎಂದು. ಹುಡುಗಿಯಾಗಿದ್ದಾಗ ನನಗೆ ಕಾಯುವುದೇ ಕಷ್ಟವಾಗಿತ್ತು. ಈಗ ಕಾಯುವುದರಲ್ಲಿ ಪಳಗಿದ್ದೆ.

ನಡುವಿನ ಮರಗಳ ಎಲೆಗೆಲ್ಲ ನೀಲಿ ಮತ್ತು ಅರಿಶಿಣ ಬೆರೆಸಿದ ಹಸಿರು. ಒಂದೊಂದು ಗೊಂಚಲಿಗೂ ಮಗುವಿಗೆ ಜಡೆ ಹಾಕುವಷ್ಟು ಪ್ರೀತಿಯಿಂದ ಹಚ್ಚಿದೆ. ನಡುನಡುವೆ ಬಿಸಿಲಿಗೆ ಬಿಳಿ ಜಾಗ ಬಿಟ್ಟೆ. ಹತ್ತಿರದ ಕಾಂಡಗಳಿಗೆ ಮಾತ್ರ ಡಬ್ಬಿಯ ಒಳ್ಳೆಯ ಬಣ್ಣ, ಕಂದು ಮತ್ತು ನೀಲಿ ಸೇರಿಸಿದ ಗಾಢ ಕಪ್ಪು. ಒಣ ಕುಂಚದಿಂದ ತೊಗಟೆ ಎಳೆದೆ. ಎಲೆ ಹೋದ ಮೇಲೂ ಆ ಕಾಂಡಗಳು ಸುಟ್ಟ ಕಂಬಗಳಂತೆ ಅವಳ ಪಡಸಾಲೆಯಲ್ಲಿ ನಿಂತಿರಲಿ ಎಂಬುದು ನನ್ನ ಇಚ್ಛೆ. ಕೊನೆಗೆ ದಾರಿಯ ಮೇಲೆ ಅಡ್ಡ ನೆರಳು. ಅದನ್ನು ಒಂದೇ ಸಲಕ್ಕೆ ಎಳೆಯಬೇಕು, ತಿದ್ದಬಾರದು. ಎಳೆದೆ. ಹಿಂದೆ ಸರಿದು ನೋಡಿದೆ. ಮೊದಲನೆಯದಕ್ಕಿಂತ ಇದೇ ಚೆನ್ನಾಗಿತ್ತು, ಮತ್ತು ಅದು ನನಗೆ ಅಸಾಧ್ಯ ಸಿಟ್ಟು ತರಿಸಿತು.

ಅಕ್ಕನ ಕೈಗಿಟ್ಟು, “ಗಾಜು ಹಾಕಸಬ್ಯಾಡ, ಬಣ್ಣ ಉಸರಾಡಬೇಕು. ಬಾಗಲ ಎದರಿಗೇ ಹಾಕು, ಮುಂಜಾನಿ ಬಿಸಲ ಬಿದ್ರ ಛಂದ ಕಾಣ್ತದ,” ಎಂದೆ. ಅವಳು ತಲೆಯಾಡಿಸುತ್ತ ಕೇಳಿಸಿಕೊಂಡಳು. ಈ ಮಾತನ್ನೂ ಅವಳು ನೆರೆಯವರಿಗೆ ಒಪ್ಪಿಸುತ್ತಾಳೆಂದು ನನಗೆ ಗೊತ್ತಿತ್ತು.

ನನ್ನ ಲೆಕ್ಕ ಸರಳವಾಗಿತ್ತು. ಎಲೆ ಬಾಡುತ್ತವೆ, ಅತ್ತೆ ‘ಇದನ್ನ ತಿದ್ದು’ ಎನ್ನುತ್ತಾಳೆ, ಕುಂಚ ಹಿಡಿದಾಗ ಅಕ್ಕನ ಬಂಡವಾಳ ಬಯಲಾಗುತ್ತದೆ. ಮುಚ್ಚಂಡಿಯಲ್ಲಿ ಪ್ರತಿ ಮುಂಜಾನೆ ಅಂಗಳಕ್ಕೆ ಬಿಸಿಲು ಬಿದ್ದಾಗ ನಾನು ತಿಕೋಂಡಿಯ ಗೋಡೆಯನ್ನು ನೆನೆದು ಖುಷಿಪಡುತ್ತಿದ್ದೆ. ಮೋಡ ಕವಿದ ದಿನ ನನಗೆ ಕಸಿವಿಸಿಯಾಗುತ್ತಿತ್ತು. ಊರಿನವರೆಲ್ಲ ಮಳೆ ಬರಲಿ ಎನ್ನುತ್ತಿದ್ದರೆ ನಾನೊಬ್ಬಳು ಬಿಸಿಲು ಬೇಡುತ್ತಿದ್ದೆ.

ಆದರೆ ಆ ಲೆಕ್ಕದಲ್ಲಿ ದೀಪಾವಳಿಯ ಸುಣ್ಣ ಇರಲಿಲ್ಲ.

ಹಬ್ಬ ಕಳೆದ ಕೆಲವು ದಿನಗಳಿಗೆ ಅಕ್ಕನ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯ, ತವರಿನವರೆಲ್ಲ ಹೋಗಲೇಬೇಕು. ಹೊಸ ಪಡಸಾಲೆಗೆ ಕಾಲಿಟ್ಟ ಕೂಡಲೇ ನಾನು ಎದುರಿನ ಗೋಡೆ ನೋಡಿದೆ. ಎಲೆಗಳು ಹೋಗಿದ್ದವು. ಇದ್ದಲ್ಲಿ ಬರೀ ಮಾಸಿದ ನೀಲಿ, ಅದರ ಮುಂದೆ ಕಪ್ಪು ಕಾಂಡಗಳು. ಅಷ್ಟು ನಾನು ಬಯಸಿದ್ದೇ. ಆದರೆ ಬಿಸಿಲು ತಲುಪದ ಕೆಳಮೂಲೆಯಲ್ಲಿ ಹಸಿರು ಇನ್ನೂ ಉಳಿದಿತ್ತು, ಅದರ ತುಂಬ ಕೆಂಪು ಹನಿಗಳಿದ್ದವು. ಕಾಡಿನಲ್ಲಿ ಯಾರನ್ನೋ ಕಡಿದು ಹಾಕಿದ ಹಾಗೆ ಕಾಣುತ್ತಿತ್ತು.

ಉಡಿ ತುಂಬಿ, ಹಾಡು ಮುಗಿದು, ಹೆಂಗಸರು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾಗ ಅಕ್ಕನ ಅತ್ತೆ ಎದ್ದು ಆ ಚಿತ್ರ ಇಳಿಸಿದಳು.

“ಸುಣ್ಣ ಹಚ್ಚುವಾಗ ಇದರ ಮ್ಯಾಲೆ ಸಿಡೀತು. ಸಿಡದಲ್ಲೆಲ್ಲ ಕೆಂಪಾತು,” ಎಂದಳು. ತನ್ನ ಎಲೆಗೆ ಹಚ್ಚಲಿಟ್ಟಿದ್ದ ಸುಣ್ಣವನ್ನು ಬೆರಳ ತುದಿಯಲ್ಲಿ ತೆಗೆದು ಉಳಿದ ಹಸಿರಿಗೆ ತಿಕ್ಕಿದಳು. ಎಲ್ಲರೆದುರು ಅದು ಓಕುಳಿಯ ಬಣ್ಣಕ್ಕೆ ತಿರುಗಿತು. ಅರಿಶಿಣಕ್ಕೆ ಸುಣ್ಣ ಸೇರಿದರೆ ಏನಾಗುತ್ತದೆ ಎಂದು ಅಲ್ಲಿದ್ದ ಯಾವ ಹೆಂಗಸಿಗೂ ಹೇಳಿಕೊಡಬೇಕಿರಲಿಲ್ಲ.

“ಹಳೇದಕ್ಕೂ ಹಚ್ಚಿ ನೋಡೀನಿ, ಗಾಜು ತಗದು. ಅದು ಹಂಗ ಐತಿ,” ಎಂದು ಅಕ್ಕನ ಕಡೆ ತಿರುಗಿದಳು. “ಇದಕ್ಕ ಅರಿಷಿಣ ಯಾಕ ಹಚ್ಚಿದಿ?”

“ಹಳದಿ ಬಣ್ಣ ತೀರಿತ್ರಿ ಅತ್ತಿ,” ಎಂದಳು ಅಕ್ಕ. ಆ ಗಳಿಗೆಯಲ್ಲೂ ಅವಳ ಬಾಯಿ ಸೋಲಲಿಲ್ಲ.

ಅತ್ತೆ ಒಳಗಿನಿಂದ ಹೊಸ ಬಣ್ಣದ ಡಬ್ಬಿ, ಕುಂಚ, ಕಾಗದ ತರಿಸಿ ಮಣೆಯ ಮೇಲೆ ಇಟ್ಟಳು. “ಈಗ ಎಲ್ಲಾ ಐತಿ. ಒಂದ ಒಂದು ಗಿಡ ತಗದು ತೋರ್ಸು.”

ಅಕ್ಕ ಹಸಿರು ಸೀರೆಯಲ್ಲಿ, ಉಡಿಯ ಅಕ್ಕಿ ಇನ್ನೂ ಮಡಿಲಲ್ಲಿರುವಾಗಲೇ ಕುಳಿತಳು. ಕಾಗದ ತೋಯಿಸಿದಳು. ‘ಒದ್ದಿ ಇದ್ದಾಗ್ಲೆ ದೂರಿನ ಗಿಡ ಹಾಕ್ಬೇಕು’ ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಎಲ್ಲ ಮೆಟ್ಟಿಲೂ ಅವಳಿಗೆ ಬಾಯಿಪಾಠ. ಕುಂಚದ ತುದಿಯಿಂದ ನೀಲಿ ಹನಿ ಕಾಗದದ ಮೇಲೆ ಬಿತ್ತು, ಹರಡಿತು, ಅವಳು ಅದನ್ನೇ ನೋಡುತ್ತ ಕುಳಿತಳು. ನನಗೆ ಎಷ್ಟು ಸುಖವಾಯಿತೆಂದು ಬರೆದರೆ ನಂಬುವುದು ಕಷ್ಟ. ಬಸುರಿ ಹೆಂಗಸು, ಕೂಡಿ ಆಡಿದವಳು ಎಂಬ ಯಾವ ಮರುಕವೂ ನನ್ನಲ್ಲಿ ಸುಳಿಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂರಲಿ ಎನ್ನಿಸಿತು.

ಕೊನೆಗೆ ಅವಳು ಕುಂಚ ಕೆಳಗಿಟ್ಟು, “ಅದು ನಂದಲ್ರಿ. ಎರಡೂ ನನ್ನ ತಂಗಿ ತಗದದ್ದು,” ಎಂದಳು. ದೊಡ್ಡವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅತ್ತೆ ನನ್ನನ್ನು ನೋಡಿದಳು. “ನೀ ಕುಂದ್ರು.”

ಕುಳಿತೆ. ಅಕ್ಕ ಬೀಳಿಸಿದ್ದ ನೀಲಿ ಹನಿ ಇನ್ನೂ ಒದ್ದೆಯಿತ್ತು. ಅದನ್ನೇ ಎಳೆದು ದೂರದ ಮರ ಮಾಡಿದೆ, ಅದರ ಪಕ್ಕ ಇನ್ನೊಂದು, ಅವುಗಳ ಮುಂದೆ ಒಂದು ಕಪ್ಪು ಕಾಂಡ. ಹೆಂಗಸರು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ವರ್ಷಗಟ್ಟಲೆ ಕಾದದ್ದು ಇದಕ್ಕೇ. ಎದ್ದು ನಿಂತು ನಾನು ಕೇಳಿದೆ:

“ಅವ್ವಾರ, ಹಳೇದು ನನಗ ಕೊಡ್ರಿ. ಅದು ನಂದು.”

ಆಕೆ ಸಿಟ್ಟಾಗಲಿಲ್ಲ. “ಯಾರ ಕೇಳಿದ್ರೂ ನಿನ್ನ ಹೆಸರ ಹೇಳ್ತೀನಿ, ಅದು ನಿಂದ,” ಎಂದಳು. “ಆದ್ರ ಮನಿಗೆ ಬಂದದ್ದು ತಿರುಗಿ ಕೊಡೂ ಪದ್ಧತಿ ನಮ್ಮಲ್ಲಿಲ್ಲ. ಸುಳ್ಳ ಹೇಳಿ ಬಂದ ಸೊಸೀನ್ನ ನಾ ತಿರುಗಿ ಕಳಸ್ತೀನೇನು? ಚಿತ್ರಾನೂ ಕಳಸಂಗಿಲ್ಲ.” ಮತ್ತೆ ಆ ಬಾಡಿದ ಕಾಡನ್ನು ಎತ್ತಿ ನನ್ನ ಕೈಗಿಟ್ಟಳು. “ಇದನ್ನ ಒಯ್ಯಿ. ಇದು ಅಕಿಗೆ ಅಂತ ತಗದದ್ದಲ್ಲ, ನಿನ್ನ ಸಿಟ್ಟಿಗೆ ಅಂತ ತಗದದ್ದು.”

ಅಕ್ಕ ನನ್ನನ್ನು ಬಸ್ಸಿನ ತನಕ ಬಿಡಲು ಬಂದಳು. ದಾರಿಯಲ್ಲಿ, “ಬೇಕಂತ ಮಾಡಿದಿ?” ಎಂದು ಕೇಳಿದಳು. “ಹೂಂ,” ಎಂದೆ.

ತಿಕೋಂಡಿಯ ಮನೆಯಲ್ಲಿ ನನ್ನ ಮೊದಲ ಕಾಡು ಈಗಲೂ ಹಸಿರಾಗಿದೆ. ಯಾರೇ ಕೇಳಿದರೂ ಅದು ನಾನು ಬರೆದದ್ದು ಎಂದೇ ಹೇಳುತ್ತಾರಂತೆ. ಅಕ್ಕನೇ ಹೇಳುತ್ತಾಳಂತೆ, ಕಾಗದ ತೋಯಿಸುವುದರಿಂದ ಹಿಡಿದು ಎಲ್ಲ. ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಮತ್ತೆ ಅಂಥದೇ ಪ್ರಸಂಗ ಬಂದರೆ ಮತ್ತೆ ಮಾಡುತ್ತೇನೆ. ಆದರೆ ಆಮೇಲೆ ಎಷ್ಟೋ ಸಲ ಬರೆಯಲು ಕೂತರೂ ಆ ಪಂಚಮಿಯ ಕೈ ನನಗೆ ತಿರುಗಿ ಬರಲಿಲ್ಲ. ನಾನು ಬರೆದವುಗಳಲ್ಲಿ ಅತ್ಯಂತ ಚೆನ್ನಾಗಿದ್ದದ್ದು ನನ್ನ ಹತ್ತಿರವೇ ಇದೆ. ಅದರ ಕೆಳಮೂಲೆಯಲ್ಲಿ, ಕೆಂಪು ಹನಿಗಳ ನಡುವೆ, ಬೆರಳಗಲದಷ್ಟು ಹಸಿರು ಇನ್ನೂ ಉಳಿದಿದೆ. ಅಷ್ಟಾದರೂ ಹೋಗದಿರಲಿ ಎಂದು ಪ್ರತಿ ಮುಂಜಾನೆ, ಬಿಸಿಲು ಒಳಗೆ ಬರುವ ಮುಂಚೆ, ನಾನೇ ಎದ್ದು ಆ ಪರದೆ ಸರಿಮಾಡುತ್ತೇನೆ.